ಲೇಬಲ್ 120ರಲ್ಲೇ ನಿಂತಿತ್ತು

ನಾನು ಏರ್ ಟ್ರಾಫಿಕ್ ಕಂಟ್ರೋಲರ್. ರಾಡಾರ್ ಪೂರ್ತಿ ಕೆಟ್ಟು ಪರದೆ ಕಪ್ಪಾದರೆ ನಮಗೆ ಅಷ್ಟೊಂದು ಭಯವಿಲ್ಲ. ಅದಕ್ಕೆ ತರಬೇತಿ ಇದೆ. ಮೊದಲು ವಿಮಾನಗಳನ್ನು ಎತ್ತರದಲ್ಲಿ ಬೇರೆ ಮಾಡುತ್ತೇವೆ, ಆಮೇಲೆ ಪೈಲಟ್‌ಗಳನ್ನೇ ಕೇಳಿ ಅವರು ಎಲ್ಲಿದ್ದಾರೆಂದು ಸ್ಟ್ರಿಪ್ ಎಂಬ ಕಾಗದದ ಪಟ್ಟಿಯ ಮೇಲೆ ಬರೆದುಕೊಳ್ಳುತ್ತೇವೆ. ಭಯ ಅರೆಬರೆ ಕೆಟ್ಟ ರಾಡಾರ್‌ದು. ಅದು ಸರಿಯಾಗಿರುವಂತೆಯೇ ಕಾಣುತ್ತದೆ.

ಮಳೆಗಾಲದ ಒಂದು ರಾತ್ರಿ. ನನಗೆ ಹ್ಯಾಂಡೋವರ್ ಕೊಟ್ಟ ಸೀನಿಯರ್ "ಎಲ್ಲಾ ನಾರ್ಮಲ್ ಕಣಮ್ಮ, ಮೋಡದ ಕಾಟ ಬಿಟ್ರೆ ಏನಿಲ್ಲ" ಎಂದು ಹೆಡ್‌ಸೆಟ್ ತೆಗೆದು ಎದ್ದರು. ಅರ್ಧ ಗಂಟೆ ಚೆನ್ನಾಗೇ ನಡೆಯಿತು.

ಆಮೇಲೆ ಒಂದು ವಿಮಾನ ಇಳಿಯುತ್ತಿತ್ತು, ಅದಕ್ಕೆ ಲೆವೆಲ್ 110ರವರೆಗೆ, ಅಂದರೆ ಹನ್ನೊಂದು ಸಾವಿರ ಅಡಿಯವರೆಗೆ, ಅನುಮತಿ ಕೊಟ್ಟಿದ್ದೆ. ಎದುರಿನಿಂದ ಇನ್ನೊಂದು ಏರುತ್ತಿತ್ತು, ಅದಕ್ಕೆ 100. ನಡುವೆ ಸಾವಿರ ಅಡಿ. ಪರದೆಯಲ್ಲಿ ಎರಡೂ ಒಂದನ್ನೊಂದು ದಾಟಿದಂತೆ ಕಂಡಿತು. ಇಳಿಯುವ ವಿಮಾನಕ್ಕೆ ಇನ್ನೂ ಕೆಳಗೆ ಬರಲು ಹೇಳಬೇಕೆಂದು ಮೈಕ್ ಒತ್ತಿಯೇಬಿಟ್ಟಿದ್ದೆ. ಆಗ ಆ ವಿಮಾನದ ಚುಕ್ಕೆಯ ಪಕ್ಕ ಎತ್ತರ ತೋರಿಸುವ ಲೇಬಲ್ ಮೇಲೆ ಕಣ್ಣು ಬಿತ್ತು. 120. ಆಂಟೆನಾ ನಾಲ್ಕು ಸೆಕೆಂಡಿಗೆ ಒಂದು ಸುತ್ತು ತಿರುಗುತ್ತದೆ, ಇಳಿಯುವ ವಿಮಾನದ ಅಂಕಿ ಪ್ರತಿ ಸುತ್ತಿಗೂ ಕಡಿಮೆಯಾಗಬೇಕು. ಇದು 120ರಲ್ಲೇ ನಿಂತಿತ್ತು.

ಬಾಯಿಗೆ ಬಂದ ಮಾತನ್ನು ನುಂಗಿ, ಈಗಿರುವ ಎತ್ತರ ಹೇಳಿ ಎಂದೆ. ಪೈಲಟ್ 114 ಅಂದರು. ಅಂದರೆ ನಾನು ನೋಡುತ್ತಿದ್ದದ್ದು ಹಳೆಯ ಚಿತ್ರ. ರಾಡಾರ್‌ಗೆ ವಿಮಾನದ ಉತ್ತರ ಸಿಗದಿದ್ದಾಗ ಸಿಸ್ಟಮ್ ಸ್ವಲ್ಪ ಹೊತ್ತು ಅದೇ ದಿಕ್ಕು, ಅದೇ ವೇಗದ ಲೆಕ್ಕದಲ್ಲಿ ಚುಕ್ಕೆಯನ್ನು ಮುಂದೆ ಎಳೆಯುತ್ತದೆ. ನಾವು ಅದನ್ನು ಕೋಸ್ಟಿಂಗ್ ಅನ್ನುತ್ತೇವೆ. ಆಗ ಚುಕ್ಕೆಯ ಆಕಾರವೂ ಬದಲಾಗುತ್ತದೆ. ಆ ಗಡಿಬಿಡಿಯಲ್ಲಿ ನಾನು ಗಮನಿಸಿರಲಿಲ್ಲ. ಏರುತ್ತಿದ್ದ ವಿಮಾನ ಮೋಡ ತಪ್ಪಿಸಲು ಎಡಕ್ಕೆ ತಿರುಗಿತ್ತು. ಪರದೆ ಮಾತ್ರ ಅದನ್ನು ನೇರವಾಗಿಯೇ ಎಳೆಯುತ್ತಿತ್ತು. ಇಬ್ಬರಿಂದಲೂ ದೂರ ಕೇಳಿದೆ. ಅವರು ಇನ್ನೂ ದಾಟಿರಲಿಲ್ಲ.

ರಾಡಾರ್ ನಂಬುವಂತಿಲ್ಲ ಎಂದು ಎಲ್ಲರಿಗೂ ರೇಡಿಯೊದಲ್ಲಿ ಹೇಳಿ, ಸ್ಟ್ರಿಪ್ ಹಿಡಿದು ಕೆಲಸ ಮಾಡಿದೆವು. ಕೊಟ್ಟಿದ್ದ ಲೆವೆಲ್‌ಗಳಿಂದಾಗಿ ಆ ಸಾವಿರ ಅಡಿ ಉಳಿದಿತ್ತು. ಇವತ್ತಿಗೂ ನೆನೆಸಿಕೊಂಡರೆ ಕೈ ತಣ್ಣಗಾಗುತ್ತದೆ.

ಮರುದಿನ ಗೊತ್ತಾಯಿತು, ಸೀನಿಯರ್ ಇದ್ದಾಗಲೂ ಲೇಬಲ್‌ಗಳು ಎರಡು ಸಲ ಹೀಗೆ ನಿಂತಿದ್ದವು. "ತಾನೇ ಸರಿಹೋಯ್ತಲ್ವಾ, ಬರೆಯೋದೇನಿದೆ ಅಂದ್ಕೊಂಡೆ" ಎಂದರು. ಅವರ ಮೇಲೆ ನನಗೆ ಸಿಟ್ಟಿಲ್ಲ. ನಾನೂ ಎಷ್ಟೋ ಸಲ ಹಾಗೇ ಸುಮ್ಮನಿದ್ದೆ. ಆಂಟೆನಾದಿಂದ ಡೇಟಾ ತರುವ ಲೈನಿನ ಒಂದು ಕನೆಕ್ಟರ್‌ಗೆ ನೀರು ಇಳಿದಿತ್ತು. ಜೋರು ಮಳೆ ಬಂದಾಗ ಮಾತ್ರ ತೊಂದರೆ. ಎಂಜಿನಿಯರ್‌ಗಳಿಗೆ ಲೇಬಲ್ ನಿಂತ ಸಮಯ ಲಾಗ್ ಪುಸ್ತಕದಲ್ಲಿ ಸಿಕ್ಕಿದ್ದರೆ ಮಳೆಯ ಜೊತೆ ಹೋಲಿಸಿ ಮೊದಲೇ ಹಿಡಿಯುತ್ತಿದ್ದರು.

ನಮ್ಮ ಕೆಲಸದಲ್ಲಿ ಇದು ಸಣ್ಣ ವಿಷಯವಲ್ಲ. 2002ರ ಜುಲೈ 1ರ ರಾತ್ರಿ ಜರ್ಮನಿಯ ಊಬರ್‌ಲಿಂಗನ್ ಮೇಲೆ ಎರಡು ವಿಮಾನ ಡಿಕ್ಕಿಯಾಗಿ 71 ಜನ ತೀರಿಕೊಂಡರು. ಆ ಆಕಾಶವನ್ನು ನೋಡಿಕೊಳ್ಳುತ್ತಿದ್ದದ್ದು ಜ್ಯೂರಿಕ್ ಸೆಂಟರ್. ಅಲ್ಲಿ ರಿಪೇರಿ ನಡೆದಿತ್ತು. ಪರದೆಯಲ್ಲಿ ಮೂಡಬೇಕಿದ್ದ ಡಿಕ್ಕಿಯ ಎಚ್ಚರಿಕೆ ಕೆಲಸ ಮಾಡುತ್ತಿರಲಿಲ್ಲ, ಅಕ್ಕಪಕ್ಕದ ಸೆಂಟರ್‌ಗಳ ಫೋನ್ ಲೈನ್ ಕೂಡ ಸಿಗುತ್ತಿರಲಿಲ್ಲ. ಒಬ್ಬನೇ ಕೂತು ಎರಡು ಪರದೆ ನೋಡುತ್ತಿದ್ದ ಕಂಟ್ರೋಲರ್‌ಗೆ ಆ ಎಚ್ಚರಿಕೆ ಬರುವುದಿಲ್ಲ ಎಂದು ಗೊತ್ತಿರಲಿಲ್ಲ. ಪಕ್ಕದ ಕಾರ್ಲ್ಸ್‌ರೂಹೆ ಸೆಂಟರ್‌ನವರಿಗೆ ಅಪಾಯ ಕಂಡಿತ್ತು. ಫೋನ್ ಮಾಡಿ ಮಾಡಿ ಸಾಕಾದರು, ಲೈನ್ ಸಿಗಲಿಲ್ಲ.

ನಮ್ಮ ದೇಶದಲ್ಲೇ 1996ರ ನವೆಂಬರ್ 12ರಂದು ಹರಿಯಾಣದ ಚರ್ಖಿ ದಾದ್ರಿಯ ಮೇಲೆ ಎರಡು ವಿಮಾನ ಡಿಕ್ಕಿಯಾಗಿ 349 ಜನ ಹೋದರು. ತಪ್ಪು ಎತ್ತರಕ್ಕೆ ಇಳಿದದ್ದು ಒಂದು ವಿಮಾನ. ಆದರೆ ಆ ಸಂಜೆ ದೆಹಲಿ ಕಂಟ್ರೋಲರ್‌ನ ಪರದೆಯಲ್ಲಿ ಎತ್ತರವೇ ಕಾಣುತ್ತಿರಲಿಲ್ಲ. ಪೈಲಟ್ ಹೇಳಿದ್ದನ್ನೇ ನಂಬಬೇಕಿತ್ತು.

ಈಗ ಕುರ್ಚಿಯಲ್ಲಿ ಕೂರುವ ಮೊದಲು ನಾನು "ಎಲ್ಲಾ ನಾರ್ಮಲ್ಲಾ?" ಎಂದು ಕೇಳುವುದಿಲ್ಲ. "ಒಂದ್ಸಲವಾದ್ರೂ ಏನಾದ್ರೂ ನಿಂತಿತ್ತಾ, ಮಿಣುಕಿತ್ತಾ?" ಎಂದು ಕೇಳುತ್ತೇನೆ. ಹೌದು ಅಂದರೆ ಪೆನ್ನು ಅವರ ಕೈಗೇ ಕೊಡುತ್ತೇನೆ. ಹೋದ ವಾರ ಹೊಸ ಹುಡುಗಿಯೊಬ್ಬಳು ಲಾಗ್ ಪುಸ್ತಕ ಹಿಡಿದು ಹಿಂಜರಿಯುತ್ತಾ ಬಂದಳು. "ಮೇಡಂ, ಎಂಟೇ ಸೆಕೆಂಡು ನಿಂತಿದ್ದು, ಇದನ್ನೂ ಬರೀಬೇಕಾ?" ಎಂದಳು.

"ಬರಿಯಮ್ಮ" ಎಂದೆ. "ಆಗ ಮಳೆ ಬರ್ತಿತ್ತಾ ಅಂತಾನೂ ಬರಿ."