ಮಳೆಮಾಪಕದ ಪ್ರೋಟೋಕಾಲ್: ಪ್ರೊಮೆಲಾ ಮತ್ತು ಟಿಎಲ್‌ಎ ಪ್ಲಸ್

ತೀರ್ಥಹಳ್ಳಿ ಕಡೆಯ ನಮ್ಮ ಅಡಿಕೆ ತೋಟದ ಮಳೆಮಾಪಕಗಳು ಲೋರಾ ಎಂಬ ದೂರವ್ಯಾಪ್ತಿಯ ರೇಡಿಯೊ ಮೂಲಕ ಮನೆಯ ಗೇಟ್‌ವೇಗೆ, ಅಂದರೆ ಸ್ವೀಕರಿಸುವ ಸಾಧನಕ್ಕೆ, ಲೆಕ್ಕ ಕಳುಹಿಸಬೇಕು. ನಡುವೆ ಗುಡ್ಡವಿರುವುದರಿಂದ ಕೆಲವು ಪ್ಯಾಕೆಟ್‌ಗಳು ನೇರವಾಗಿ, ಕೆಲವು ದರೆಯ ಮೇಲಿನ ರಿಲೇ ಹಾದು ಬರುತ್ತವೆ. ಆದ್ದರಿಂದ ಅವು ಕಳೆದುಹೋಗಬಹುದು, ಎರಡೆರಡು ಸಲ ಬರಬಹುದು, ಹಿಂದುಮುಂದೂ ಆಗಬಹುದು. ಒಂದೇ ಲೆಕ್ಕ ಎರಡು ಬಾರಿ ಸೇರಿದರೆ ಪುನರ್ವಸು ಮಳೆಯ ಮೊತ್ತವೇ ಸುಳ್ಳಾಗುತ್ತದೆ.

ಹಾಗಾಗದಂತೆ ಕಾಯುವ ಪ್ರೋಟೋಕಾಲ್ ಸರಿಯಿದೆಯೇ ಎಂದು ಪರೀಕ್ಷಿಸಲು ಅದನ್ನು ಎರಡು ಭಾಷೆಗಳಲ್ಲಿ ಬರೆದು ನೋಡಿದೆ. ಮೊದಲು 1969ರ ಪರ್ಯಾಯ ಬಿಟ್ ಪ್ರೋಟೋಕಾಲನ್ನು (ಪ್ಯಾಕೆಟ್‌ಗಳಿಗೆ ಸರದಿಯಂತೆ ಸೊನ್ನೆ, ಒಂದು ಎಂಬ ಬಿಟ್ ಹಚ್ಚಿ, ಸ್ವೀಕೃತಿ ಬರುವವರೆಗೂ ಅದನ್ನೇ ಮತ್ತೆ ಕಳುಹಿಸುವ ಕ್ರಮ) ಪ್ರೊಮೆಲಾದಲ್ಲಿ ಬರೆದೆ. ಜೆರಾರ್ಡ್ ಹೋಲ್ಜ್‌ಮನ್ ಬೆಲ್ ಲ್ಯಾಬ್ಸ್‌ನಲ್ಲಿ ರೂಪಿಸಿದ ಸ್ಪಿನ್ ಎಂಬ ಮಾಡೆಲ್ ಚೆಕರ್‌ಗಾಗಿ (ಸಾಧ್ಯವಿರುವ ಎಲ್ಲ ಸ್ಥಿತಿಗಳನ್ನೂ ತಡಕಿ ದೋಷ ಹುಡುಕುವ ತಂತ್ರಾಂಶ) ಇರುವ ಈ ಭಾಷೆಯಲ್ಲಿ ಸಂದೇಶ ಸಾಗಿಸುವ ಚಾನೆಲ್ ಸಿದ್ಧವಾಗಿಯೇ ದೊರೆಯುತ್ತದೆ. ಆದರೆ ಆ ಚಾನೆಲ್ ಸಹಜವಾಗಿ ಸರತಿ ಸಾಲಿನದು, ಮೊದಲು ಹೋದದ್ದೇ ಮೊದಲು ಬರುತ್ತದೆ. ಕ್ರಮ ತಪ್ಪುವುದನ್ನು ತೋರಿಸಬೇಕಾದರೆ ಸಾಲಿನ ನಡುವಿನಿಂದಲೂ ಸಂದೇಶ ತೆಗೆಯುವ, ಎರಡು ಪ್ರಶ್ನಾರ್ಥಕ ಚಿಹ್ನೆಗಳ ಸ್ವೀಕಾರಕ್ರಿಯೆಯನ್ನೋ ಪ್ರತ್ಯೇಕ ಪ್ರಾಸೆಸ್ಸನ್ನೋ ನಾವೇ ನೆನಪಿಟ್ಟು ಸೇರಿಸಬೇಕು.

ಲೆಸ್ಲಿ ಲ್ಯಾಂಪೋರ್ಟ್ ಅವರ ಟಿಎಲ್‌ಎ ಪ್ಲಸ್ ಎಂಬ ವಿವರಣಾ ಭಾಷೆಯಲ್ಲಿ ಚಾನೆಲ್ ಎಂಬುದೇ ಭಾಷೆಯ ಭಾಗವಲ್ಲವಾದ್ದರಿಂದ, ರೇಡಿಯೊ ಎಂಥದ್ದೆಂದು ನಾನೇ ಹೇಳಬೇಕಾಯಿತು. ಪ್ಯಾಕೆಟ್‌ಗಳನ್ನು ಕೇವಲ ಒಂದು ಗಣವಾಗಿಟ್ಟು, ಸ್ವೀಕರಿಸಿದ ಮೇಲೂ ತೆಗೆಯದೆ ಬಿಟ್ಟರೆ, ಕ್ರಮಭಂಗವೂ ಪುನರಾವರ್ತನೆಯೂ ತಾವಾಗಿ ಬಂದುಬಿಡುತ್ತವೆ. ಅದರ ಮಾಡೆಲ್ ಚೆಕರ್ ಟಿಎಲ್‌ಸಿ ಕೊಟ್ಟ ದೋಷದ ಹಾದಿ ಸ್ಪಷ್ಟವಾಗಿತ್ತು: ರಿಲೇಯಲ್ಲಿ ಉಳಿದಿದ್ದ ಸೊನ್ನೆ ಬಿಟ್‌ನ ಹಳೆಯ ಪ್ಯಾಕೆಟ್ ಎರಡು ಲೆಕ್ಕಗಳ ನಂತರ ಬಂದು ಹೊಸದೆಂದು ಸ್ವೀಕೃತವಾಗುತ್ತದೆ, ಅದಕ್ಕೆ ಹೋದ ಸ್ವೀಕೃತಿಯನ್ನು ನಂಬಿ ಮಾಪಕವು ನಿಜವಾದ ಹೊಸ ಲೆಕ್ಕವನ್ನು ಕೈಬಿಡುತ್ತದೆ.

ಪ್ಯಾಕೆಟ್ ಪದೇ ಪದೇ ಕಳೆದರೂ ಕೊನೆಗೊಮ್ಮೆ ತಲುಪುತ್ತದೆ ಎನ್ನಲು ಸ್ವೀಕಾರಕ್ಕೆ ಪ್ರಬಲ ನ್ಯಾಯಯುತತೆ ಬೇಕು, ಅಂದರೆ ಬಿಟ್ಟು ಬಿಟ್ಟಾದರೂ ಮತ್ತೆ ಮತ್ತೆ ಸಾಧ್ಯವಾಗುವ ಕ್ರಿಯೆ ಕೊನೆಗೆ ನಡೆದೇ ತೀರಬೇಕೆಂಬ ನಿಯಮ. ಟಿಎಲ್‌ಎ ಪ್ಲಸ್‌ನಲ್ಲಿ ಅದು ಒಂದೇ ಸಾಲು. ಸ್ಪಿನ್‌ನ ಸಿದ್ಧ ಆಯ್ಕೆ ದುರ್ಬಲ ನ್ಯಾಯಯುತತೆಯದು (ಸತತವಾಗಿ ಸಾಧ್ಯವಿರುವ ಕ್ರಿಯೆಗಷ್ಟೇ ಆ ಖಾತರಿ) ಮಾತ್ರ, ಉಳಿದದ್ದನ್ನು ಸೂತ್ರದೊಳಗೆ ತುಂಬಬೇಕು. ವೇಗದಲ್ಲಿ, ಸ್ಥಿತಿಗಳ ಸಂಖ್ಯೆ ಇಳಿಸುವುದರಲ್ಲಿ ಸ್ಪಿನ್‌ದೇ ಮೇಲುಗೈ. ಮಾಪಕದೊಳಗಿನ ತಂತ್ರಾಂಶವಾದ ಫರ್ಮ್‌ವೇರ್ ಬರೆಯುವಾಗ ಅದಕ್ಕೇ ಮರಳುವೆನು. 1989ರ ಐಎಸ್‌ಒ 8807 ಮಾನದಂಡವಾದ ಲೋಟಾಸ್ ಎಂಬ ಇನ್ನೊಂದು ವಿವರಣಾ ಭಾಷೆಯ ಬೀಜಗಣಿತ ಇಷ್ಟು ಪುಟ್ಟ ಕೆಲಸಕ್ಕೆ ಭಾರವೆನಿಸಿತು. ಕಂಪ್ಯೂಟರುಗಳ ಜಾಲಕ್ಕಾಗಿ ಇರುವ ಕಾರ್ಡ್ ಪ್ರೋಟೋಕಾಲ್‌ನ ದೋಷಗಳನ್ನು ಸಂಶೋಧಕಿ ಪಮೇಲಾ ಝೇವ್ ತೋರಿಸಿದ್ದು ಅಲಾಯ್ ಎಂಬ ಭಾಷೆಯಲ್ಲಿ; ನೋಡ್‌ಗಳು ಸೇರುತ್ತ, ಬಿಟ್ಟುಹೋಗುತ್ತ ಇರುವ ಜಾಲಕ್ಕೆ ಅದು ಹೊಂದೀತು, ನನ್ನ ಜಾಲವಾದರೋ ಸ್ಥಿರ.

ಈಗಿನ ತಿದ್ದುಪಡಿ ಹೀಗಿದೆ: ರಿಲೇ ಒಂದು ನಿಮಿಷಕ್ಕಿಂತ ಹಳೆಯದಾದ ಪ್ಯಾಕೆಟ್ಟನ್ನು ಎಸೆಯುತ್ತದೆ, ಸ್ವೀಕೃತಿ ಬಂದ ಮೇಲೆ ಮಾಪಕವು ಎರಡು ನಿಮಿಷ ಸುಮ್ಮನಿರುತ್ತದೆ. ತಡವಾಗಿ ಬರುವ ಪ್ಯಾಕೆಟ್‌ಗೆ ಒಂದು ನಿಮಿಷ, ಅದರ ಸ್ವೀಕೃತಿಗೆ ಇನ್ನೊಂದು. ಅಂತರಜಾಲದ ಟಿಸಿಪಿ ಪ್ರೋಟೋಕಾಲ್‌ನಲ್ಲಿ ಸಂಪರ್ಕ ಮುಚ್ಚುವಾಗ ಕಾಯುವುದೂ ಇದೇ ಲೆಕ್ಕದಲ್ಲಿ. ಇದನ್ನು ಪರೀಕ್ಷಿಸಲು ಗಣದ ಪ್ರತಿ ಪ್ಯಾಕೆಟ್‌ಗೂ ವಯಸ್ಸನ್ನು ಸೇರಿಸುವುದು ಮುಂದಿನ ಕೆಲಸ.