ಡಿಸ್ಕ್ ಇಲ್ಲದ್ದನ್ನೇ ತಂದೆ

ಮಂಗಳೂರು
10 ನವೆಂಬರ್ 2024, ಆದಿತ್ಯವಾರ

ಅಂತೂ ಪಿಎಸ್5, ಅಂದರೆ ಟಿವಿಗೆ ಜೋಡಿಸಿ ಆಡುವ ಸೋನಿಯ ಪ್ಲೇಸ್ಟೇಷನ್ 5 ಕನ್ಸೋಲ್, ಮನೆಗೆ ಬಂತು. ಸ್ಲಿಮ್ ಮಾದರಿ, ಅದರಲ್ಲೂ ಡಿಜಿಟಲ್ ಎಡಿಷನ್, ಅಂದರೆ ಡಿಸ್ಕ್ ಹಾಕುವ ಜಾಗವೇ ಇಲ್ಲದ್ದು. ಎಂಆರ್‌ಪಿ 2024ರ ನವೆಂಬರಿನಲ್ಲಿ 44,990 ರೂಪಾಯಿ ಇತ್ತು. ಡಿಸ್ಕ್ ಡ್ರೈವ್ ಇರುವುದಕ್ಕೆ 54,990 ಇತ್ತು. ದೀಪಾವಳಿಯ ಗಲಾಟೆ ಮುಗಿದ ಮೇಲೆ ಹೋದ ಕಾರಣ ಹಂಪನಕಟ್ಟೆಯ ಅಂಗಡಿಯಲ್ಲಿ ರಶ್ ಇರಲಿಲ್ಲ. ಕೌಂಟರಿನ ಹುಡುಗ ಎರಡೂ ಬಾಕ್ಸ್ ತಂದು ಎದುರಿಗಿಟ್ಟು, "ಹತ್ತು ಸಾವಿರಕ್ಕೆ ಎಂತ ನೋಡುವುದು ಮೇಡಂ, ಡಿಸ್ಕಿನದ್ದೇ ತಕೊಳ್ಳಿ. ನಾಳೆ ಕೊಡುವಾಗ ರೇಟಾದ್ರೂ ಸಿಗ್ತದೆ" ಅಂದ. ಕೊಡಲಿಕ್ಕೆ ತಕೊಳ್ಳುವುದಲ್ಲ ಅಂದೆ. ನಕ್ಕ. ಅವನು ಹೇಳಿದ್ದರಲ್ಲಿ ಸುಳ್ಳೇನೂ ಇಲ್ಲ. ಹಳೆಯ ಕನ್ಸೋಲ್ ಕೊಳ್ಳುವವರು ಮೊದಲು ಕೇಳುವುದೇ "ಡಿಸ್ಕ್ ಉಂಟಾ" ಅಂತ.

ಆದರೂ ಕಡಿಮೆಯದ್ದನ್ನೇ ಯಾಕೆ ತಂದೆ ಎಂದು ಇಲ್ಲಿ ಬರೆದಿಡುತ್ತೇನೆ. ಆಫೀಸಿನಲ್ಲಿ ಇನ್ನೂ ಕೆಲವರು ಇದೇ ಲೆಕ್ಕಾಚಾರದಲ್ಲಿದ್ದಾರೆ. ಒಬ್ಬೊಬ್ಬರಿಗೂ ಮೊದಲಿನಿಂದ ಹೇಳುವ ತಾಳ್ಮೆ ನನಗಿಲ್ಲ, ಲಿಂಕ್ ಕಳಿಸಿದರೆ ಆಯ್ತಲ್ಲ.

ಬೆಲೆ ಇಳಿಸಲಿಕ್ಕೆ ಕಂಪನಿ ಏನನ್ನು ತೆಗೆದಿದೆ ಎಂಬುದನ್ನು ಮೊದಲು ನೋಡಬೇಕು. ಎಕ್ಸ್‌ಬಾಕ್ಸ್ ಸೀರೀಸ್ ಎಸ್ (ಮೈಕ್ರೋಸಾಫ್ಟ್‌ನ ಕನ್ಸೋಲ್) ಕೂಡ ನನ್ನ ತಲೆಯಲ್ಲಿತ್ತು. 2020ರ ನವೆಂಬರಿನಲ್ಲಿ ಬಂದಾಗ ಅದಕ್ಕೆ 34,990 ಇತ್ತು, ಅದರ ದೊಡ್ಡಣ್ಣ ಸೀರೀಸ್ ಎಕ್ಸ್‌ಗೆ 49,990. ಆ ಹದಿನೈದು ಸಾವಿರದ ಅಂತರದಲ್ಲಿ ಹೋದದ್ದು ಡಿಸ್ಕ್ ಡ್ರೈವ್ ಮಾತ್ರವಾಗಿರಲಿಲ್ಲ. ಗ್ರಾಫಿಕ್ಸ್ ತಾಕತ್ತು (ಅದರ ಅಳತೆಗೆ ಟೆರಾಫ್ಲಾಪ್ ಅನ್ನುತ್ತಾರೆ) 12 ಟೆರಾಫ್ಲಾಪ್‌ನಿಂದ 4ಕ್ಕೆ ಇಳಿದಿತ್ತು, ಮೆಮೊರಿ 16 ಜಿಬಿಯಿಂದ 10ಕ್ಕೆ, ಸ್ಟೋರೇಜ್ 1 ಟಿಬಿಯಿಂದ 512 ಜಿಬಿಗೆ. ಆ 512ರಲ್ಲೂ ನಮ್ಮ ಕೈಗೆ ಸಿಗುವುದು 364 ಜಿಬಿ. ಈಗಿನ ದೊಡ್ಡ ಆಟಗಳು ಮೂರೋ ನಾಲ್ಕೋ ಕೂತರೆ ಬಾಗಿಲು ಹಾಕಬೇಕು. 2023ರಲ್ಲಿ ಬಾಲ್ಡರ್ಸ್ ಗೇಟ್ 3 ಎಂಬ ಆಟ ಪಿಎಸ್5ಗೆ ಸೆಪ್ಟೆಂಬರಿನಲ್ಲೇ ಬಂದರೂ ಎಕ್ಸ್‌ಬಾಕ್ಸ್‌ಗೆ ಡಿಸೆಂಬರ್ ತನಕ ಬರಲಿಲ್ಲ. ಒಂದೇ ಟಿವಿಯಲ್ಲಿ ಪರದೆ ಪಾಲು ಮಾಡಿಕೊಂಡು ಇಬ್ಬರು ಆಡುವ ವ್ಯವಸ್ಥೆಯನ್ನು ಸೀರೀಸ್ ಎಸ್ ಎಳೆಯುತ್ತಿರಲಿಲ್ಲ. ಕೊನೆಗೆ ಎಸ್‌ನಲ್ಲಿ ಅದನ್ನು ಬಿಟ್ಟೇ ಬಿಡುಗಡೆ ಮಾಡಿದರು. ನನ್ನ ಮನೆಯಲ್ಲಿ ಆಟ ಅಂದರೆ ನಾನು ಮತ್ತು ಅಕ್ಕನ ಮಗ ಒಂದೇ ಸೋಫಾದಲ್ಲಿ ಕೂತು ಜಗಳವಾಡುವುದು. ಹಾಗಾಗಿ ಅದು ಅಲ್ಲಿಗೇ ಮುಗಿಯಿತು.

ಸೋನಿಯ ಎರಡು ಪೆಟ್ಟಿಗೆಗಳ ಕಥೆ ಬೇರೆ. ಚಿಪ್ ಅದೇ, 16 ಜಿಬಿ ಮೆಮೊರಿ ಅದೇ, ಆಟಗಳನ್ನು ಇಡುವ 1 ಟಿಬಿ ಎಸ್‌ಎಸ್‌ಡಿಯೂ ಅದೇ. ಒಂದರಲ್ಲಿ ಓಡುವ ಆಟ ಇನ್ನೊಂದರಲ್ಲೂ ಅಷ್ಟೇ ಚಂದಕ್ಕೆ ಓಡುತ್ತದೆ. ಪಕ್ಕಪಕ್ಕ ನಿಲ್ಲಿಸಿದರೆ ಡಿಸ್ಕಿನದ್ದಕ್ಕೆ ಒಂದು ಪಕ್ಕೆ ಉಬ್ಬಿದೆ, ಇದಕ್ಕೆ ಇಲ್ಲ, ಅಷ್ಟೇ. ಸ್ಲಿಮ್‌ನಲ್ಲಿ ಆ ಉಬ್ಬನ್ನು ಆಮೇಲೆ ಬೇಕಾದರೂ ಸಿಕ್ಕಿಸಬಹುದು. ಡ್ರೈವ್ ಬೇರೆಯಾಗಿ ಬರುತ್ತದೆ, ಬದಿಯ ಕವರ್ ತೆಗೆದು ಕೂರಿಸಿ, ಒಂದು ಸಲ ಇಂಟರ್ನೆಟ್‌ಗೆ ಜೋಡಿಸಿದರೆ ಆಯ್ತು. 2021ರಲ್ಲಿ ನಮ್ಮಲ್ಲಿಗೆ ಬಂದ ಮೊದಲ ಪಿಎಸ್5ನ ಡಿಜಿಟಲ್ ಎಡಿಷನ್‌ಗೆ ಈ ದಾರಿ ಇರಲಿಲ್ಲ, ತಂದರೆ ತಂದದ್ದೇ. ಅಂಗಡಿಯವನಲ್ಲಿ ಬಿಡಿ ಡ್ರೈವ್ ಕೇಳಿದೆ. ಸ್ಟಾಕ್ ಇಲ್ಲವಂತೆ. ಇರಲಿ, ಈಗಲೇ ಬೇಕೆಂದು ನಾನೂ ಕೇಳಿದ್ದಲ್ಲ.

ಇನ್ನು ಹತ್ತು ಸಾವಿರದ ವಿಷಯ. ಇಲ್ಲಿ ನನ್ನ ಗೆಳೆಯನ ವಾದ ಗಟ್ಟಿಯಾಗಿತ್ತು. ಅವನು ಮಣಿಪಾಲದಲ್ಲಿ ಓದುವಾಗಿನಿಂದ ಡಿಸ್ಕ್ ವ್ಯವಹಾರದಲ್ಲಿ ಪಳಗಿದವ. ಹೊಸ ಆಟ 4,999ಕ್ಕೆ ಬಂದ ವಾರವೇ ಕೊಳ್ಳುತ್ತಾನೆ, ರಾತ್ರಿ ಹಗಲು ಆಡಿ ಮುಗಿಸುತ್ತಾನೆ, ಬಿಸಿ ಆರುವ ಮೊದಲೇ ಮೂರು ಸಾವಿರಕ್ಕೋ ಮೂರೂವರೆಗೋ ದಾಟಿಸುತ್ತಾನೆ. ಅವನ ಲೆಕ್ಕದಲ್ಲಿ ಒಂದು ದೊಡ್ಡ ಆಟಕ್ಕೆ ಬೀಳುವ ಖರ್ಚು ಎರಡು ಸಾವಿರದ ಒಳಗೆ. ಹಾಗೆ ಮೂರ್ನಾಲ್ಕು ಡಿಸ್ಕ್ ಕೈ ದಾಟಿದರೆ ಡ್ರೈವಿಗೆ ಕೊಟ್ಟ ಹತ್ತು ಸಾವಿರ ವಾಪಸ್. "ನಿನಗೆ ಲೆಕ್ಕ ಗೊತ್ತುಂಟಲ್ಲ ಮಾರಾಯ್ತಿ, ದಿನಾ ಅದೇ ಕೆಲಸ ಮಾಡುವುದು ನೀನು" ಎಂದು ಫೋನಿನಲ್ಲಿ ಬೈದ. ಅವನಂಥವರು ಡಿಜಿಟಲ್ ಎಡಿಷನ್ ಕೊಂಡರೆ ಅದು ಶುದ್ಧ ದಂಡ. ಇದನ್ನು ಯಾವ ಅಳುಕೂ ಇಲ್ಲದೆ ಒಪ್ಪುತ್ತೇನೆ.

ನಾನು ಅವನಂಥವಳಲ್ಲವಲ್ಲ. ಮಾರ್ಚ್ ಬಂದರೆ ಆಫೀಸಿನಲ್ಲಿ ಉಸಿರು ಬಿಡಲಿಕ್ಕೆ ಆಗುವುದಿಲ್ಲ, ಸೆಪ್ಟೆಂಬರಿನಲ್ಲಿ ಮತ್ತೆ ಅದೇ ಪಾಡು. ಒಂದು ದೊಡ್ಡ ಆಟ ಮುಗಿಸಲು ನನಗೆ ತಿಂಗಳುಗಳೇ ಬೇಕು. ಅಷ್ಟರಲ್ಲಿ ಆ ಡಿಸ್ಕ್ ಕೇಳುವವರಿರುವುದಿಲ್ಲ. ಹೊಸತು ಬಂದ ದಿನವೇ ಆಡಬೇಕೆಂಬ ಹಠವೂ ಇಲ್ಲ. ಪ್ಲೇಸ್ಟೇಷನ್ ಸ್ಟೋರ್‌ನಲ್ಲಿ ಎರಡು ವರ್ಷ ಹಳೆಯ ಆಟ ಅರ್ಧಕ್ಕೆ, ಕೆಲವೊಮ್ಮೆ ಅದಕ್ಕಿಂತಲೂ ಕೆಳಗೆ ಬರುತ್ತದೆ. ಅದು ಬಂದಾಗ ಕೊಳ್ಳುವುದು ನನ್ನ ಕ್ರಮ. ಸೋನಿಯ ಚಂದಾ ಯೋಜನೆ ಪಿಎಸ್ ಪ್ಲಸ್ ಎಕ್ಸ್‌ಟ್ರಾಕ್ಕೆ 2024ರಲ್ಲಿ ವರ್ಷಕ್ಕೆ 6,699 ಇತ್ತು, ನೂರಾರು ಆಟಗಳು ಅದರಲ್ಲೇ ಸಿಗುತ್ತವೆ. ಒಂದು ವರ್ಷಕ್ಕೆ ಅದನ್ನು ಹಾಕಿಸಿ ನೋಡುವ ಯೋಚನೆ ಇದೆ. ಹತ್ತು ಸಾವಿರದಲ್ಲಿ ಅದರ ಮೇಲೂ ಮೂರು ಸಾವಿರ ಉಳಿಯಿತು.

ಉಳಿದಿದ್ದ ಒಂದೇ ಅಡ್ಡಿ ಮನೆಯ ಪಿಎಸ್4 ಡಿಸ್ಕ್‌ಗಳು. ಡ್ರೈವ್ ಇರುವ ಪಿಎಸ್5ನಲ್ಲಿ ಪಿಎಸ್4ನ ಡಿಸ್ಕ್ ಹಾಕಿ ಆಡಬಹುದು. ಡಿಜಿಟಲ್ ತಂದರೆ ಅವೆಲ್ಲ ಷೋಕೇಸಿನ ಅಲಂಕಾರ. ನಿನ್ನೆ ರಾತ್ರಿ ಅದೇ ಚಿಂತೆಯಲ್ಲಿ ಟಿವಿ ಸ್ಟ್ಯಾಂಡಿನ ಕೆಳಗಿನ ಖಾನೆ ತೆರೆದು ಕೂತೆ. ಮಳೆಗಾಲ ಮುಗಿದ ಮೇಲೆ ಆ ಖಾನೆಗೆ ಕೈ ಹಾಕಿದ್ದು ಅದೇ ಮೊದಲು. ಮೊದಲ ಕೇಸ್ ತೆರೆದ ಕೂಡಲೇ ಹಳೆಯ ಪೆಟ್ಟಿಗೆಯಲ್ಲಿಟ್ಟ ಸೀರೆಯ ವಾಸನೆ. ಕವರಿನ ಕಾಗದ ಪ್ಲಾಸ್ಟಿಕ್‌ಗೆ ಅಂಟಿಕೊಂಡು ಅಲೆ ಅಲೆಯಾಗಿ ಸುಕ್ಕಾಗಿತ್ತು. ಡಿಸ್ಕಿನ ಅಂಚಿನಲ್ಲಿ ಸಾಸಿವೆಗಿಂತ ಸಣ್ಣ ಬಿಳಿ ಚುಕ್ಕೆಗಳು, ನಡುವಿನ ತೂತಿನ ಸುತ್ತ ಬೂದು ಬಣ್ಣದ ತೆಳು ಪೊರೆ. ವರ್ಷಕ್ಕೆ ಮೂರೂವರೆ ಸಾವಿರ ಮಿ.ಮೀ. ಆಸುಪಾಸು ಮಳೆ ಬೀಳುವ ಊರಿನಲ್ಲಿ ಕ್ಯಾಮೆರಾ ಲೆನ್ಸನ್ನೇ ಬೂಸ್ಟು ಬಿಡುವುದಿಲ್ಲ, ಇದು ಯಾವ ಲೆಕ್ಕ. ಕನ್ನಡಕದ ಬಟ್ಟೆಯಿಂದ ನಡುವಿನಿಂದ ಹೊರಕ್ಕೆ ಒರೆಸಿದೆ (ಸುತ್ತ ತಿರುಗಿಸಿ ಒರೆಸಬಾರದು, ಗೀರು ಬಿದ್ದರೆ ಓದುವುದು ಕಷ್ಟ). ಪಿಎಸ್4ಗೆ ಹಾಕಿದರೆ ಹುರುಳಿ ಬೀಸಿದ ಹಾಗೆ ಸದ್ದು ಮಾಡಿ, ಯೋಚಿಸಿ, ಕೊನೆಗೆ ಓದಿತು.

ಒರೆಸುತ್ತಾ ಒರೆಸುತ್ತಾ ಇದರಲ್ಲಿ ಮತ್ತೊಮ್ಮೆ ಆಡುವಂಥದ್ದು ಯಾವುದು ಎಂದು ಬದಿಗಿಡುತ್ತಾ ಹೋದೆ. ಫಿಫಾ 18 ಯಾರಿಗೆ ಬೇಕು? ರೇಸಿನ ಆಟಗಳು ತಮ್ಮನವು, ಅವನು ಬೆಂಗಳೂರಿಗೆ ಹೋದ ಮೇಲೆ ಯಾರೂ ಮುಟ್ಟಿಲ್ಲ. ಅನ್‌ಚಾರ್ಟೆಡ್ 4 ಒಂದು ಮನಸ್ಸಿನಲ್ಲಿ ನಿಂತಿತು. ಒಂದು ಆಟಕ್ಕೋಸ್ಕರ ಹತ್ತು ಸಾವಿರ ಕೊಡುವುದು ನನ್ನ ಜಾಯಮಾನವಲ್ಲ. ಇಡೀ ಗಂಟನ್ನು ಪಿಎಸ್4 ಸಮೇತ ಗೆಳೆಯನಿಗೆ ಕೊಡುತ್ತೇನೆ ಅಂತ ರಾತ್ರಿಯೇ ಮೆಸೇಜ್ ಹಾಕಿದೆ. ಬೈಗುಳ ಅಲ್ಲಿಗೆ ನಿಂತಿತು.

ಡಿಸ್ಕ್ ಇದ್ದರೆ ಡೌನ್‌ಲೋಡ್ ತಾಪತ್ರಯ ಇಲ್ಲ ಅನ್ನುವವರೂ ಇದ್ದಾರೆ. ಅದು ಅರ್ಧ ಸತ್ಯ. ಡಿಸ್ಕಿನಿಂದಲೂ ಆಟವನ್ನು ಎಸ್‌ಎಸ್‌ಡಿಗೆ ಇನ್‌ಸ್ಟಾಲ್ ಮಾಡಲೇಬೇಕು, ಮತ್ತೆ ಅಪ್‌ಡೇಟ್ ಎಂದು ಹತ್ತೋ ಇಪ್ಪತ್ತೋ ಜಿಬಿ ನೆಟ್‌ನಿಂದಲೇ ಬರಬೇಕು. ಆಡುವಾಗ ಡಿಸ್ಕ್ ಒಳಗಿರಲೇಬೇಕು, ಬೀಗದ ಕೈ ಇದ್ದ ಹಾಗೆ. ಹಾಗೆಂದು ಡಿಜಿಟಲ್‌ನವರಿಗೆ ನೆಟ್ ಚೆನ್ನಾಗಿರಬೇಕು ಎಂಬುದರಲ್ಲಿ ಎರಡು ಮಾತಿಲ್ಲ. ನೂರು ಜಿಬಿಯ ಆಟ 100 ಎಂಬಿಪಿಎಸ್ ಲೈನಿನಲ್ಲಿ ಎರಡು ಗಂಟೆ ಚಿಲ್ಲರೆ, 40ರಲ್ಲಿ ಐದೂವರೆ ಗಂಟೆ. ಫೈಬರ್ ಬಾರದ ಒಳಊರಿನಲ್ಲಿ, ಮೊಬೈಲ್ ಹಾಟ್‌ಸ್ಪಾಟ್ ನಂಬಿ ಇರುವವರು ಡಿಸ್ಕಿನದ್ದೇ ತಕೊಳ್ಳಲಿ. ಆಟವನ್ನು ಇಳಿಸಿಕೊಳ್ಳದೆ ನೇರ ಸ್ಟ್ರೀಮ್ ಮಾಡುವ ಸೌಲಭ್ಯ 2024ರಲ್ಲಿ ನಮ್ಮ ದೇಶದ ಪಿಎಸ್ ಪ್ಲಸ್‌ನಲ್ಲಿ ಇರಲಿಲ್ಲ. ಅದಕ್ಕೇ ಇಲ್ಲಿ ದೊಡ್ಡ ಪ್ಲಾನಿನ ಹೆಸರೇ ಬೇರೆ ಇತ್ತು, ಪ್ರೀಮಿಯಂ ಬದಲು ಡಿಲಕ್ಸ್.

ನನಗೆ ನಿಜವಾಗಿ ಕಿರಿಕಿರಿ ಆಗುವುದು ಇನ್ನೊಂದು ವಿಷಯಕ್ಕೆ. ಡಿಜಿಟಲ್ ಆಟಕ್ಕೆ ದುಡ್ಡು ಕೊಟ್ಟರೂ ನಮ್ಮದಾಗುವುದು ಆಡುವ ಪರವಾನಗಿ ಮಾತ್ರ. 2023ರ ಡಿಸೆಂಬರಿನಲ್ಲಿ, ಡಿಸ್ಕವರಿಯ ಕಾರ್ಯಕ್ರಮಗಳನ್ನು ದುಡ್ಡು ಕೊಟ್ಟು ಕೊಂಡವರ ಖಾತೆಯಿಂದಲೂ ತೆಗೆಯುತ್ತೇವೆ ಎಂದು ಪ್ಲೇಸ್ಟೇಷನ್ ಹೇಳಿತ್ತು. ಜನ ಕೂಗಾಡಿದ ಮೇಲೆ ಹೊಸ ಒಪ್ಪಂದ ಮಾಡಿಕೊಂಡು ಹಿಂದೆ ಸರಿಯಿತು. ನಿಂಟೆಂಡೊ 2023ರ ಮಾರ್ಚಿನಲ್ಲಿ ತನ್ನ ಹಳೆಯ 3ಡಿಎಸ್ ಮತ್ತು ವೀ ಯು ಕನ್ಸೋಲ್‌ಗಳ ಆನ್‌ಲೈನ್ ಸ್ಟೋರ್‌ಗಳಲ್ಲಿ ಮಾರಾಟವನ್ನೇ ನಿಲ್ಲಿಸಿತು. 2024ರ ಸೆಪ್ಟೆಂಬರಿನಲ್ಲಿ ಕ್ಯಾಲಿಫೋರ್ನಿಯಾದವರು ಒಂದು ಕಾನೂನಿಗೆ ಸಹಿ ಹಾಕಿದ್ದಾರೆ: ಇಂಥ ಮಾರಾಟದಲ್ಲಿ ಗಿರಾಕಿಗೆ ಸಿಗುವುದು ಪರವಾನಗಿ ಎಂದು ಸ್ಪಷ್ಟವಾಗಿ ತಿಳಿಸಲೇಬೇಕು. ನಮ್ಮಲ್ಲೂ ಅಷ್ಟಾದರೂ ಬರಲಿ. ತಪ್ಪಿ ಕೊಂಡರೆ ಹಣ ವಾಪಸ್ ಕೇಳಲು ಹದಿನಾಲ್ಕು ದಿನ ಇದೆ, ಆದರೆ ಡೌನ್‌ಲೋಡ್ ಶುರು ಮಾಡಿದ್ದರೆ ಆ ಅವಕಾಶವೂ ಹೋಯಿತು. ಅಕ್ಕನ ಮಗನ ಕೈಗೆ ರಿಮೋಟ್ ಕೊಡುವ ಮೊದಲು ಖರೀದಿಗೆ ಪಾಸ್‌ವರ್ಡ್ ಕೇಳುವ ಹಾಗೆ ಮಾಡಿಟ್ಟೆ.

2024ರ ನವೆಂಬರ್ 7ಕ್ಕೆ ಹೊರದೇಶಗಳಲ್ಲಿ ಪಿಎಸ್5 ಪ್ರೋ ಬಂತು. ಬಂದಾಗ 700 ಡಾಲರ್ ಇದ್ದ ಆ ಪೆಟ್ಟಿಗೆಗೂ ಡ್ರೈವ್ ಇಲ್ಲ! ಬೇಕಾದರೆ ಬೇರೆ ಕೊಳ್ಳಬೇಕಂತೆ. ನಮ್ಮಲ್ಲಿಗೆ ಆಗ ಅದು ಬರಲೇ ಇಲ್ಲ, ಅದರ ವೈಫೈ ಬಳಸುವ 6 ಗಿಗಾಹರ್ಟ್ಸ್ ಬ್ಯಾಂಡ್‌ಗೆ 2024ರಲ್ಲಿ ಇಲ್ಲಿ ಅನುಮತಿ ಇರಲಿಲ್ಲ. ಎಲ್ಲಕ್ಕಿಂತ ದುಬಾರಿಯದ್ದರಲ್ಲೇ ಡ್ರೈವ್ ಕೈಬಿಟ್ಟ ಮೇಲೆ, ಡ್ರೈವ್ ಇಲ್ಲದ್ದು ಬಡವರ ಮಾಡೆಲ್ ಎಂದು ನನ್ನನ್ನು ಯಾರೂ ಹಂಗಿಸುವ ಹಾಗಿಲ್ಲ.

ಸಂಜೆ ಬಾಕ್ಸ್ ಬಿಚ್ಚುವಾಗ ಅಪ್ಪ ಕನ್ನಡಕ ಹಾಕಿಕೊಂಡು ಬಂದು ಪಕ್ಕದಲ್ಲಿ ಕೂತರು. "ಸಿಡಿ ಹಾಕುವುದು ಎಲ್ಲಿ?" ಕೇಳಿದರು. ಇಲ್ಲ ಅಂದೆ. "ಹತ್ತು ಸಾವಿರ ಕಡಿಮೆ ಅಂತ ಅದನ್ನೇ ಬಿಟ್ಟಿಯಾ?" ಪಕ್ಕದಲ್ಲಿದ್ದ ಅಕ್ಕನ ಮಗ ನನ್ನ ಪರ ವಕಾಲತ್ತು ವಹಿಸಿದ: "ಅಜ್ಜಾ, ಈಗ ಎಲ್ಲ ನೆಟ್‌ನಲ್ಲಿ ಬರ್ತದೆ." ಆಮೇಲೆ ನನ್ನ ಕಡೆ ತಿರುಗಿ, "ಚಿಕ್ಕಮ್ಮಾ, ಉಳಿದ ದುಡ್ಡಲ್ಲಿ ಇನ್ನೊಂದು ಕಂಟ್ರೋಲರ್ ತೆಗೀತೀರಾ?" ಅಂದ. ಪಿಎಸ್5ನ ಕಂಟ್ರೋಲರ್ ಡುವಲ್‌ಸೆನ್ಸ್‌ಗೆ ಆಗ 5,990 ಇತ್ತು. ಪಿಎಸ್ ಪ್ಲಸ್ ಮತ್ತು ಕಂಟ್ರೋಲರ್ ಎರಡೂ ಅಂದರೆ ಹತ್ತು ಸಾವಿರ ದಾಟುತ್ತದೆ. ಪುಟ್ಟ ಚೋರನಿಗೆ ಲೆಕ್ಕ ಎಲ್ಲಿಗೆ ಹೋಗಿ ಮುಟ್ಟುತ್ತದೆಂದು ಗೊತ್ತು. ಇಬ್ಬರು ಆಡಬೇಕಾದರೆ ಬೇಡ ಅನ್ನಲಿಕ್ಕೂ ಆಗುವುದಿಲ್ಲ. ಕಂಟ್ರೋಲರ್ ಮೊದಲು, ಪ್ಲಸ್ ಬರುವ ತಿಂಗಳು ಎಂದು ರಾಜಿಯಾಯಿತು.

ರಾತ್ರಿ ಎಂಟಕ್ಕೆ ಡೌನ್‌ಲೋಡ್ ಹಾಕಿದೆವು. ಒಂಬತ್ತರ ಹೊತ್ತಿಗೆ ಪಡುವಣದಲ್ಲಿ ಮಿಂಚಿತು. ಅಪ್ಪ ಎದ್ದು ಸೀದಾ ಮೋಡೆಮ್‌ನ ಪ್ಲಗ್ಗಿಗೆ ಕೈ ಹಾಕಿದರು, ನಮ್ಮ ಮನೆಯಲ್ಲಿ ಸಿಡಿಲಿಗೆ ಇದೊಂದೇ ಪೂಜೆ. ನಾನು ಬೇಡ ಅನ್ನುವಷ್ಟರಲ್ಲಿ ಕರೆಂಟೇ ಹೋಯಿತು. ಫ್ಯಾನು, ಲೈಟು ಇನ್ವರ್ಟರ್‌ನಲ್ಲಿ ಬಂದವು. ಟಿವಿಯ ಸಾಕೆಟ್ ಆ ಲೈನಿನಲ್ಲಿ ಇಲ್ಲ. ಕರೆಂಟ್ ಬಂದ ಮೇಲೆ ಕನ್ಸೋಲ್ ಆನ್ ಮಾಡಿದರೆ, ಸರಿಯಾಗಿ ಆಫ್ ಮಾಡಿಲ್ಲ ಎಂದು ಆಕ್ಷೇಪ ಎತ್ತಿ, ಸ್ಟೋರೇಜ್ ಪರೀಕ್ಷೆ ಮಾಡಿಕೊಂಡು, ಡೌನ್‌ಲೋಡನ್ನು ನಿಂತಲ್ಲಿಂದಲೇ ಮುಂದುವರಿಸಿತು. ಅಷ್ಟು ಬುದ್ಧಿ ಇದೆ.

ಆದರೂ ದಿನಾ ಹೀಗಾದರೆ ಒಳ್ಳೆಯದಲ್ಲ. ಆಟ ಓಡುವಾಗ ಈ ಯಂತ್ರ ಇನ್ನೂರು ವ್ಯಾಟ್ ಆಸುಪಾಸು ತಿನ್ನುತ್ತದೆ, ಟಿವಿ ಸೇರಿಸಿದರೂ ನಮ್ಮ ಇನ್ವರ್ಟರ್ ತಡೆದೀತು. ನಾಳೆ ಬೆಳಿಗ್ಗೆ ವಯರಿಂಗಿನವರಿಗೆ ಫೋನ್ ಮಾಡಿ ಹಾಲ್‌ನ ಆ ಸಾಕೆಟನ್ನು ಇನ್ವರ್ಟರ್ ಲೈನಿಗೆ ಹಾಕಿಸಬೇಕು. ಇನ್ವರ್ಟರಿನ ಹಿಂದಿರುವ ಸ್ವಿಚ್ಚನ್ನು, ಕರೆಂಟ್ ಹೋದ ಕೂಡಲೇ ಬ್ಯಾಟರಿಗೆ ಬದಲಾಗುವ ಯುಪಿಎಸ್ ಮೋಡ್‌ಗೆ ತಿರುಗಿಸುವುದಕ್ಕೂ ಅವರಿಗೇ ಹೇಳಬೇಕು, ಅಪ್ಪ ನನ್ನನ್ನು ಅದರ ಹತ್ತಿರ ಬಿಡುವುದಿಲ್ಲ.