ಎಂಟನೆಯ ಚೌಕದಲ್ಲಿ ಕೂತವಳ ಬಹುಮಾನ

1990ರ ದಶಕದ ಕೊನೆಯಲ್ಲಿ ಮಳವಳ್ಳಿ ತಾಲ್ಲೂಕಿನ ನಮ್ಮ ಶಾಲೆಯಲ್ಲಿ ಹುಡುಗಿಯರಿಗೆ ಅಂತ ಇದ್ದದ್ದು ಎರಡೇ ಆಟ, ಥ್ರೋಬಾಲ್ ಮತ್ತು ಖೋ ಖೋ. ಥ್ರೋಬಾಲಿಗೆ ಚೆಂಡು ಬೇಕು, ನೆಟ್ ಬೇಕು, ಹುಡುಗರ ವಾಲಿಬಾಲ್ ಮುಗಿಯುವವರೆಗೆ ಕಾಯಬೇಕು. ಖೋ ಖೋಗೆ ಎರಡು ಕಂಬ ಇದ್ದರೆ ಆಯಿತು. ನಮ್ಮ ಪಿ.ಟಿ. ಮೇಷ್ಟ್ರು ಊರಿನ ಆಚಾರರ ಕೈಲಿ ನೀಲಗಿರಿ ಮರದ ಎರಡು ಕಂಬ ಮಾಡಿಸಿದ್ದರು. ಕೈಗೆ ಸಿಬರು ಚುಚ್ಚಬಾರದೆಂದು ತಾವೇ ಕೂತು ಗಾಜುಕಾಗದದಲ್ಲಿ ಉಜ್ಜಿ ನುಣುಪು ಮಾಡಿದ್ದರು. ಬೆಳಿಗ್ಗೆ ಪ್ರಾರ್ಥನೆಗೆ ಮುಂಚೆ ಸುಣ್ಣದ ಪುಡಿಯಲ್ಲಿ ಗೆರೆ ಹಾಕುವುದು ನಮ್ಮ ಕೆಲಸ. ಹಾಲು ಕರೆದು ಡೈರಿಗೆ ಹಾಕಿ, ನೀರು ಹೊತ್ತು, ಅಷ್ಟರ ಮೇಲೆ ಓಡಿಬಂದು ಗೆರೆ ಹಾಕುತ್ತಿದ್ದ ಹುಡುಗಿಯರು ನಾವು.

ಈ ಆಟ ಆಡದವರಿಗೆ ಒಂದು ವಿಷಯ ಹೇಳಲೇಬೇಕು. ಅಟ್ಟಿಸುವ ತಂಡದ ಒಂಬತ್ತು ಜನರಲ್ಲಿ ಎಂಟು ಜನ ಚೌಕಗಳಲ್ಲಿ ಕೂತೇ ಇರುತ್ತಾರೆ, ಒಬ್ಬಳ ಮುಖ ಆ ಕಡೆ, ಪಕ್ಕದವಳ ಮುಖ ಈ ಕಡೆ. ಅಟ್ಟಿಸುವವಳು ಒಬ್ಬಳೇ. ಒಂದು ದಿಕ್ಕು ಹಿಡಿದ ಮೇಲೆ ಅವಳು ಹಿಂದಕ್ಕೆ ತಿರುಗುವಂತಿಲ್ಲ, ನಡುವಿನ ಪಟ್ಟಿಯನ್ನು ದಾಟುವಂತಿಲ್ಲ. ಎದುರಾಳಿ ಆ ಬದಿಗೆ ನುಸುಳಿಬಿಟ್ಟರೆ, ಆ ಬದಿಗೆ ಮುಖ ಮಾಡಿ ಕೂತವಳ ಬೆನ್ನು ಮುಟ್ಟಿ ಗಟ್ಟಿಯಾಗಿ ‘ಖೋ’ ಅನ್ನಬೇಕು. ಇವಳು ಅವಳ ಜಾಗದಲ್ಲಿ ಕೂರಬೇಕು, ಅವಳು ಎದ್ದು ಓಡಬೇಕು. ಖೋ ಬೀಳುವ ಮೊದಲೇ ಎದ್ದರೆ ಫೌಲ್. ಒಂದು ಗಳಿಗೆ ತಡವಾಗಿ ಎದ್ದರೆ ಎದುರಾಳಿ ಕಂಬ ಸುತ್ತಿ ಹೋಗಿರುತ್ತಾಳೆ. ಹಾಗಾಗಿ ಒಬ್ಬ ರನ್ನರ್, ಅಂದರೆ ತಪ್ಪಿಸಿಕೊಂಡು ಓಡುವ ಎದುರಾಳಿ, ಔಟಾದಳು ಅಂದರೆ, ಕೊನೆಗೆ ಮುಟ್ಟಿದ ಕೈ ಒಬ್ಬಳದಾದರೂ ಅದರ ಹಿಂದೆ ಐದಾರು ಜನ ಕೂತು ಎದ್ದಿರುತ್ತಾರೆ.

ಮೇಷ್ಟ್ರು ನಮಗೆ ಮೊದಲು ಕಲಿಸಿದ್ದು ಓಡುವುದನ್ನಲ್ಲ, ಕೂರುವುದನ್ನು. ಒಂದು ಕಾಲು ಮುಂದೆ, ಹಿಮ್ಮಡಿ ಸ್ವಲ್ಪ ಮೇಲೆ, ಕೈಬೆರಳು ನೆಲಕ್ಕೆ. ಎಂಟೂ ಜನ ಕಣ್ಣು ಮುಚ್ಚಬೇಕು. ಮೂವರು ರನ್ನರ್‌ಗಳು ನಮ್ಮ ಮಧ್ಯೆ ಹಾದುಹೋಗುತ್ತಾರೆ. ಹೆಜ್ಜೆಯ ಸದ್ದು ಕೇಳಿಯೇ ಯಾವ ಬದಿಯಿಂದ ಯಾವ ಬದಿಗೆ ಹೋದರು ಅಂತ ಹೇಳಬೇಕು. “ಬೆನ್ನಲ್ಲೂ ಕಿವಿ ಇರ್ಬೇಕು ಕಣ್ರವ್ವ” ಅನ್ನುತ್ತಿದ್ದರು. ಸಿಂಗಲ್ ಚೈನ್, ಡಬಲ್ ಚೈನ್, ರಿಂಗ್ ಅಂತ ರನ್ನರ್‌ಗಳು ಓಡುವ ಬಗೆಗಳನ್ನು ಹುಣಸೆಬೀಜ ಜೋಡಿಸಿ ತೋರಿಸಿದ್ದರು. ಅದನ್ನು ಅಷ್ಟು ಚೆನ್ನಾಗಿ ಕಲಿತದ್ದು ನಮ್ಮಲ್ಲಿ ಎಂಟನೆಯ ಚೌಕದಲ್ಲಿ, ಕಂಬದ ಪಕ್ಕ ಕೂರುತ್ತಿದ್ದ ಹುಡುಗಿ. ಓಟದಲ್ಲಿ ಅವಳು ನಮ್ಮೆಲ್ಲರಿಗಿಂತ ನಿಧಾನ. ಆದರೆ ಖೋ ಬಿದ್ದ ಕ್ಷಣ ಅವಳು ಏಳುತ್ತಿದ್ದ ರೀತಿಯನ್ನು ನಾನು ಆಮೇಲೆ ದೊಡ್ಡ ದೊಡ್ಡ ಪಂದ್ಯಗಳಲ್ಲೂ ಹುಡುಕಿದ್ದೇನೆ.

ಆಟ ಕಲಿಯುವುದಕ್ಕಿಂತ ಮನೆಯಿಂದ ಹೊರಡುವುದೇ ಕಷ್ಟವಾಗಿತ್ತು. ಎಂಟನೇ ಕ್ಲಾಸಿನಲ್ಲಿ ಮೈದಾನ ತುಂಬ ಹುಡುಗಿಯರು, ಒಂಬತ್ತಕ್ಕೆ ಬರುವಷ್ಟರಲ್ಲಿ ಅರ್ಧ ಜನ ಇಲ್ಲ. ದೊಡ್ಡವಳಾದ ಮೇಲೆ ಎಂಥಾ ಆಟ ಎನ್ನುವುದು ಎಲ್ಲರ ಮನೆಯ ಮಾತು. ನಮ್ಮಜ್ಜಿಯಂತೂ, “ಹೆಣ್ಮಗ ಓಡೋದ್ ಕಲ್ತು ಯಾವ್ ರಾಜ್ಯ ಆಳ್ಬೇಕವ್ವ?” ಅಂತ ಬಾಗಿಲಲ್ಲೇ ಕೂತುಬಿಟ್ಟಿತ್ತು. ಮೇಷ್ಟ್ರು ಸೈಕಲ್ಲಿನಲ್ಲಿ ಒಂದೊಂದು ಮನೆಗೂ ಬಂದರು. ಜಗಲಿ ಮೇಲೆ ಕೂತು, ಕೊಟ್ಟ ಮಜ್ಜಿಗೆ ಕುಡಿದು, ಬೆಳೆ ಮಳೆ ಎಲ್ಲ ಮಾತಾಡಿ ಕೊನೆಗೆ ನಮ್ಮಪ್ಪನಿಗೆ, “ಗೌಡ್ರೇ, ಮಗೀನ ನಾನೇ ಕರ್ಕೊಂಡೋಗಿ ನಾನೇ ನಿಮ್ ಬಾಗ್ಲಿಗೆ ತಂದು ಬಿಡ್ತೀನಿ. ಜೊತೇಲಿ ಹೊಲಿಗೆ ಮೇಡಂ ಇರ್ತಾರೆ” ಅಂದರು.

ಆ ಹೊಲಿಗೆ ಮೇಡಂ ಬಗ್ಗೆ ನಮ್ಮ ಶಾಲೆಯ ಈ ಸಂಚಿಕೆಯಲ್ಲಿ ಬೇರೆ ಯಾರಾದರೂ ಬರೆದಿರುತ್ತಾರೋ ಇಲ್ಲವೋ ತಿಳಿಯದು, ನಾನಂತೂ ಬರೆಯಲೇಬೇಕು. ಅವರಿಗೆ ಖೋ ಖೋದ ನಿಯಮ ಒಂದೂ ಗೊತ್ತಿರಲಿಲ್ಲ. ಹುಡುಗಿಯರ ತಂಡ ಹೊರಗೆ ಹೋದರೆ ಒಬ್ಬ ಶಿಕ್ಷಕಿ ಜೊತೆಗಿರಬೇಕು, ಅದಕ್ಕೆ ಬಂದವರು. ತಮ್ಮ ಮನೆಯ ಹೊಲಿಗೆ ಯಂತ್ರದಲ್ಲಿ ನಮ್ಮ ಬೆನ್ನಿನ ನಂಬರುಗಳನ್ನು ಹೊಲಿದರು. ಮೊಣಕಾಲು ಮುಚ್ಚುವ ಹಾಗೆ ಸಡಿಲವಾದ ಚಡ್ಡಿ ಹೊಲಿದುಕೊಟ್ಟು, ಆ ಒಂದು ತಕರಾರನ್ನೇ ಮನೆಗಳಲ್ಲಿ ಇಲ್ಲವಾಗಿಸಿದರು. ಮುಟ್ಟಿನ ದಿನಗಳಲ್ಲಿ ಏನು ಮಾಡಬೇಕು ಅಂತ ನಮ್ಮನ್ನು ಕೂರಿಸಿಕೊಂಡು ನಾಚಿಕೆಯಿಲ್ಲದೆ ಹೇಳಿಕೊಟ್ಟವರು ಅವರೊಬ್ಬರೇ. ಅವರ ಚೀಲದಲ್ಲಿ ಯಾವಾಗಲೂ ಒಗೆದು ಮಡಿಸಿದ ಬಟ್ಟೆ, ಪಿನ್ನು, ಗ್ಲೂಕೋಸ್ ಪುಡಿ, ಅರಿಶಿನ ಇರುತ್ತಿತ್ತು. ಅವರು ಬರದೇ ಹೋಗಿದ್ದರೆ ನಮ್ಮ ತಂಡ ತಾಲ್ಲೂಕು ದಾಟುತ್ತಿರಲಿಲ್ಲ.

ನಾನು ಹತ್ತನೇ ಕ್ಲಾಸಿನಲ್ಲಿದ್ದ ವರ್ಷ ಹೋಬಳಿ ಗೆದ್ದೆವು, ತಾಲ್ಲೂಕು ಗೆದ್ದೆವು. ಜಿಲ್ಲಾ ಮಟ್ಟಕ್ಕೆ ಮಂಡ್ಯದ ಸರ್ ಎಂ.ವಿ. ಕ್ರೀಡಾಂಗಣಕ್ಕೆ ಹೋದಾಗ ಅಷ್ಟು ಜನರನ್ನು ನೋಡಿಯೇ ನಮ್ಮ ಕ್ಯಾಪ್ಟನ್ನಿನ ಕೈ ತಣ್ಣಗಾಗಿತ್ತು. ಫೈನಲ್‌ನಲ್ಲಿ ಎದುರಾಳಿಗಳ ಕೊನೆಯ ಮೂವರು ಅಂಕಣಕ್ಕೆ ಇಳಿದಾಗ ಉಳಿದದ್ದು ಎರಡು ನಿಮಿಷವೂ ಇರಲಿಲ್ಲ. ಇಬ್ಬರನ್ನು ಔಟ್ ಮಾಡಿದೆವು. ಮೂರನೆಯವಳು ರಿಂಗ್ ಹೊಡೆಯುತ್ತಾ ನಮ್ಮನ್ನು ಕಂಬದಿಂದ ಕಂಬಕ್ಕೆ ಎಳೆದಾಡಿಸಿದಳು. ಕೊನೆಗೆ ಎಂಟನೆಯ ಚೌಕದವಳಿಗೆ ಖೋ ಬಿತ್ತು. ಎದ್ದವಳು ಎರಡೇ ಹೆಜ್ಜೆ ಹಾಕಿದಳು, ಎದುರಾಳಿ ತಪ್ಪಿಸಿಕೊಳ್ಳುತ್ತಿದ್ದಂತೆ ಪಕ್ಕದಲ್ಲಿದ್ದ ನನಗೆ ಖೋ ಕೊಟ್ಟಳು. ನಾನು ಕೈ ಚಾಚಿದೆ, ಅಷ್ಟೇ. ಸ್ಕೋರ್ ಶೀಟಿನಲ್ಲಿ ಆ ಔಟ್ ನನ್ನ ನಂಬರಿನ ಎದುರಿಗೆ ಬಿತ್ತು.

ವಿಭಾಗ ಮಟ್ಟದಲ್ಲಿ ಸೋತೆವು. ಮೈಸೂರು ವಿಭಾಗ ಅಂದರೆ ನಮ್ಮ ಕಡೆಯ ಜಿಲ್ಲೆಗಳಷ್ಟೇ ಅಲ್ಲ, ಹಾಸನ, ಕೊಡಗು, ಚಿಕ್ಕಮಗಳೂರು, ದಕ್ಷಿಣ ಕನ್ನಡ, ಉಡುಪಿ ಎಲ್ಲವೂ ಸೇರುತ್ತವೆ. ಕರಾವಳಿಯ ತಂಡವೊಂದರ ಹುಡುಗಿಯರು ಕಂಬ ಹಿಡಿದು ಮೈಯನ್ನು ಪೂರ್ತಿ ಚಾಚಿ ರನ್ನರ್‌ನ ಮುಟ್ಟುತ್ತಿದ್ದರು. ಆ ಪೋಲ್ ಡೈವ್ ಅನ್ನು ನಾವು ಕಣ್ಣಾರೆ ನೋಡಿದ್ದು ಅಂದೇ ಮೊದಲು. ವಾಪಸ್ ಬರುವ ದಾರಿಯುದ್ದಕ್ಕೂ ಮೇಷ್ಟ್ರು ಸೋಲಿನ ಮಾತೇ ಎತ್ತಲಿಲ್ಲ, ಆ ಡೈವ್ ಹೇಗೆ ಹಾಕಿದರು ಅನ್ನುವುದನ್ನೇ ನಮ್ಮ ಬಾಯಿಂದ ಮತ್ತೆ ಮತ್ತೆ ಹೇಳಿಸಿದರು.

ಇನ್ನು ಬಹುಮಾನದ ವಿಷಯ. ನಮ್ಮ ವಾರ್ಷಿಕೋತ್ಸವದಲ್ಲಿ ಬಹುಮಾನ ಅಂದರೆ ಸ್ಟೀಲು: ಊಟದ ತಟ್ಟೆ, ಟಿಫನ್ ಬಾಕ್ಸ್, ಲೋಟ. ಅದರ ಅಂಚಿನಲ್ಲಿ ಚುಕ್ಕಿ ಚುಕ್ಕಿಯಾಗಿ ಹೆಸರು, ಆಟ, ವರ್ಷ. ಆ ತಟ್ಟೆಯ ಬೆಲೆ ಗೊತ್ತಾಗಬೇಕಾದರೆ ನಮ್ಮ ಮನೆಗಳನ್ನು ನೋಡಬೇಕು. ನೆಂಟರು ಬಂದಾಗ ಅಮ್ಮ ಅದೇ ತಟ್ಟೆಯಲ್ಲಿ ಮುದ್ದೆ ಬಡಿಸುತ್ತಿದ್ದಳು, ಅವರು ಹೆಸರು ಓದಿ ಕೇಳಲಿ ಅಂತ. ಅವರು ಕೇಳುತ್ತಿದ್ದರು. ಅಪ್ಪ ಹೇಳುತ್ತಿದ್ದ. ಹೀಗೆ ಹತ್ತು ಜನರ ಮುಂದೆ ಹೇಳಿದ ಮೇಲೆ ಮಗಳನ್ನು ಪಿಯುಸಿಗೆ ಕಳಿಸುವುದಿಲ್ಲ ಅನ್ನಲು ಅವನಿಗೆ ಆಗಲಿಲ್ಲ. ನನ್ನ ಓದು ಮುಂದುವರಿದದ್ದು ಅಂಕಗಳಿಂದ ಮಾತ್ರ ಅಲ್ಲ, ಆ ತಟ್ಟೆಯಿಂದ ಕೂಡ ಅಂತ ನಾನು ಪೂರ್ತಿ ನಂಬಿದ್ದೇನೆ. ಹೆಣ್ಣುಮಕ್ಕಳಿಗೆ ವೇದಿಕೆಯ ಮೇಲೆ ಕರೆದು ಬಹುಮಾನ ಕೊಡುವುದನ್ನು ಬರೀ ಶಾಸ್ತ್ರ ಅಂತ ಯಾರಾದರೂ ಅಂದರೆ ನನಗೆ ಸಿಟ್ಟು ಬರುವುದು ಇದಕ್ಕೇ.

ಆದರೆ ಎಂಟನೆಯ ಚೌಕದವಳ ಮನೆಗೆ ತಟ್ಟೆ ಹೋಗಲಿಲ್ಲ. ಆಗ ವೈಯಕ್ತಿಕ ಚಾಂಪಿಯನ್ ಆಯ್ಕೆ ಓಟ, ಜಿಗಿತ, ಎಸೆತಗಳ ಅಂಕದ ಮೇಲೆ ಆಗುತ್ತಿತ್ತು. ಮೊದಲ ಸ್ಥಾನಕ್ಕೆ ಐದು, ಎರಡನೆಯದಕ್ಕೆ ಮೂರು, ಮೂರನೆಯದಕ್ಕೆ ಒಂದು. ಗುಂಪು ಆಟಕ್ಕೆ ತಂಡಕ್ಕೊಂದು ಕಪ್, ಅದು ಆಫೀಸ್ ರೂಮಿನ ಬೀರುವಿನೊಳಗೆ. ಅತ್ಯುತ್ತಮ ಆಟಗಾರ್ತಿ ಅಂತ ಒಬ್ಬಳಿಗೆ ತಟ್ಟೆ, ಅದು ಔಟ್‌ಗಳ ಲೆಕ್ಕದಲ್ಲಿ ನನಗೆ ಬಂತು. ಅವಳ ಮನೆಯವರಿಗೆ ತೋರಿಸಲು ಒಂದು ಸರ್ಟಿಫಿಕೇಟ್ ಮಾತ್ರ ಇತ್ತು. ಹತ್ತನೇ ಕ್ಲಾಸ್ ಮುಗಿದ ಬೇಸಿಗೆಯಲ್ಲೇ ಅವಳ ಮದುವೆಯಾಯಿತು. ತಟ್ಟೆ ಬಂದಿದ್ದರೆ ಮದುವೆ ನಿಲ್ಲುತ್ತಿತ್ತು ಅಂತ ನಾನು ಹೇಳುತ್ತಿಲ್ಲ. ಅವಳ ಆಟ ನೋಡಿದ್ದವರು ನಾವಷ್ಟೇ ಆಗಿದ್ದೆವು, ಅವಳ ಮನೆಯವರಿಗೆ ಅದು ಕೊನೆಗೂ ಕಾಣಲಿಲ್ಲ ಅನ್ನುವುದು ನನ್ನ ನೋವು.

ದೇಶದ ಮಟ್ಟದಲ್ಲೂ ಪ್ರಶಸ್ತಿಗಳು ಒಬ್ಬೊಬ್ಬರಿಗೇ. ರಾಷ್ಟ್ರೀಯ ಖೋ ಖೋ ಚಾಂಪಿಯನ್‌ಷಿಪ್‌ಗಳಲ್ಲಿ ಸಬ್ ಜೂನಿಯರ್ ಬಾಲಕಿಯರಿಗೆ ಇಳಾ, ಜೂನಿಯರ್ ಬಾಲಕಿಯರಿಗೆ ಜಾನಕಿ, ಮಹಿಳೆಯರಿಗೆ ರಾಣಿ ಲಕ್ಷ್ಮೀಬಾಯಿ ಪ್ರಶಸ್ತಿ. ಅವು ಬೇಕು, ಇನ್ನೂ ಹೆಚ್ಚು ಬೇಕು. ಕಬಡ್ಡಿಯಲ್ಲಿ ನಮ್ಮ ತೇಜಸ್ವಿನಿ ಬಾಯಿ 2011ರಲ್ಲಿ, ಕಾರ್ಕಳ ತಾಲ್ಲೂಕಿನ ಮಮತಾ ಪೂಜಾರಿ 2014ರಲ್ಲಿ ಅರ್ಜುನ ಪ್ರಶಸ್ತಿ ಪಡೆದಾಗ, ಮಣ್ಣಿನ ಆಟ ಆಡಿದ ಹೆಣ್ಣುಮಕ್ಕಳ ಹೆಸರು ಪೇಪರಿನಲ್ಲಿ ಓದಿ ನಾನು ಅಮ್ಮನಿಗೆ ಫೋನ್ ಮಾಡಿದ್ದೆ. 2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ಖೋ ಖೋ ವಿಶ್ವಕಪ್ ನಡೆಯಿತಲ್ಲ, ಭಾರತದ ವನಿತೆಯರು ಫೈನಲ್‌ನಲ್ಲಿ ನೇಪಾಳವನ್ನು 78–40ರಿಂದ ಸೋಲಿಸಿದರು. ಆ ತಂಡದಲ್ಲಿದ್ದ ಬಿ. ಚೈತ್ರಾ ನಮ್ಮ ಪಕ್ಕದ ತಿ. ನರಸೀಪುರ ತಾಲ್ಲೂಕಿನ ಕುರುಬೂರಿನವರು. ಆ ರಾತ್ರಿ ನಮ್ಮ ಹಳೆಯ ತಂಡದ ವಾಟ್ಸಾಪ್ ಗುಂಪಿನಲ್ಲಿ ಯಾರೂ ಮಲಗಲಿಲ್ಲ. ಒಬ್ಬಳು ಪೊಲೀಸ್ ಠಾಣೆಯಿಂದ, ಒಬ್ಬಳು ಅಂಗನವಾಡಿಯ ಮನೆಯಿಂದ, ಒಬ್ಬಳು ದುಬೈಯಿಂದ. ಎಂಟನೆಯ ಚೌಕದವಳೂ ಇದ್ದಳು. ಗೆದ್ದವರ ಓಟದ ಬಗ್ಗೆ ನಾವೆಲ್ಲ ಬರೆಯುತ್ತಿದ್ದರೆ ಅವಳು ಬರೆದದ್ದು ಒಂದೇ ಸಾಲು: “ಕೂತವರು ಹೆಂಗೆ ಏಳ್ತಾವ್ರೆ ನೋಡ್ರೇ.”

ಆ ಸಾಲಿನಿಂದಲೇ ನಮ್ಮ ದತ್ತಿ ಬಹುಮಾನದ ಯೋಚನೆ ಹುಟ್ಟಿತು. ನಾವು ಕೈಲಾದಷ್ಟು ಹಾಕಿ ಬ್ಯಾಂಕಿನಲ್ಲಿ ಶಾಲೆಯ ಹೆಸರಿನಲ್ಲಿ ಠೇವಣಿ ಇಡುತ್ತಿದ್ದೇವೆ. ಬಡ್ಡಿಯಲ್ಲಿ ಪ್ರತಿ ವರ್ಷ ಬಾಲಕಿಯರ ಖೋ ಖೋ ತಂಡದ ಅಷ್ಟೂ ಜನಕ್ಕೆ, ಅಂಕಣಕ್ಕೆ ಇಳಿಯದೆ ಬೆಂಚಿನಲ್ಲಿ ಕೂತವರಿಗೂ, ಹೆಸರು ಕೊರೆಸಿದ ತಟ್ಟೆ. ಜೊತೆಗೆ ಒಬ್ಬಳಿಗೆ ವಿಶೇಷ ಬಹುಮಾನ. ಅದಕ್ಕೆ ಔಟ್‌ಗಳ ಲೆಕ್ಕ ಬೇಡ ಅಂತ ಮುಖ್ಯೋಪಾಧ್ಯಾಯರಿಗೆ ಬರೆದುಕೊಟ್ಟಿದ್ದೇವೆ. ಯಾರು ಪಕ್ಕದಲ್ಲಿ ಕೂತಿದ್ದರೆ ತಮಗೆ ಧೈರ್ಯ ಅಂತ ತಂಡದ ಹುಡುಗಿಯರೇ ಚೀಟಿಯಲ್ಲಿ ಬರೆದು ಹಾಕಬೇಕು. ಪಿ.ಟಿ. ಮೇಷ್ಟ್ರು ಚೀಟಿ ಎಣಿಸಿದರೆ ಸಾಕು. ಬಹುಮಾನಕ್ಕೆ ಹೊಲಿಗೆ ಮೇಡಂ ಅವರ ಹೆಸರಿಡಬೇಕು ಅನ್ನುವುದು ನಮ್ಮೆಲ್ಲರ ಆಸೆ, ಅವರ ಮಕ್ಕಳೂ ಒಪ್ಪಿದ್ದಾರೆ. ನಮ್ಮ ಹಿಂದೆ ಮುಂದೆ ಈ ಅಂಕಣದಲ್ಲಿ ಆಡಿದ ಅಕ್ಕಂದಿರು, ತಂಗಿಯರು ಯಾರಾದರೂ ಕೈ ಜೋಡಿಸುವುದಾದರೆ ಶಾಲೆಯ ಕಚೇರಿಯಲ್ಲಿ ಹೆಸರು ಬರೆಸಿ, ವಾರ್ಷಿಕೋತ್ಸವದ ದಿನ ಮಕ್ಕಳ ತಾಯಂದಿರ ಜೊತೆ ಮುಂದಿನ ಸಾಲಿನಲ್ಲಿ ಬಂದು ಕೂತುಕೊಳ್ಳಿ.